ಎತ್ತುವ ಕೆಲಸ

ಮಹಾದೇವಕ್ಕನ ಜಡೆಯನ್ನು ಸಾವಂತ್ರೆವ್ವ ಎರಡನೆಯ ಸಲ ಬಿಚ್ಚಿದಳು. ಹತ್ತಿಯ ಎಳೆಯಂಥ ಬಿಳಿ ಕೂದಲು, ದಿನವೂ ಬೇರೆಲ್ಲೋ ನೋಡುತ್ತ ಹೆಣೆದು ಮುಗಿಸುವಂಥ ಜಡೆ; ಇವತ್ತು ಮಾತ್ರ ಮೂರರಲ್ಲೊಂದು ಎಳೆ ಬೆರಳ ಸಂದಿಯಿಂದ ಜಾರಿ ಉಳಿದೆರಡರೊಳಗೆ ಕಳೆದುಹೋಗುತ್ತಿತ್ತು. ತೊಡೆಯ ಎಲುಬು ಮುರಿದು ಎರಡು ತಿಂಗಳಿಂದ ಅದೇ ಮಂಚದ ಮೇಲೆ ಮಲಗಿದ್ದ ಮುದುಕಿ ಗೋಡೆಯ ಕಡೆ ಮುಖ ಮಾಡಿಕೊಂಡೇ, ನನ್ನ ತಲಿ ಬಾಚಾಕತ್ತೀಯೋ ನಿನ್ನ ತಲಿ ಬಾಚಾಕತ್ತೀಯೋ ಎಂದು ಕೇಳಿದಳು. ಸಾವಂತ್ರೆವ್ವ ನಕ್ಕಳು. ನಕ್ಕದ್ದು ತನಗೇ ಕೇಳಿಸಿತು, ಬಾಜೂ ವಾರ್ಡಿನಲ್ಲಿ ಬೇರೆ ಯಾರೋ ನಕ್ಕಂತೆ. ಕಿಟಕಿಯ ಆಚೆ ಹತ್ತಿ ಬಿಡಿಸಿ ಬೋಳಾದ ಎರೆಹೊಲ ಬಿಸಿಲಿಗೆ ಬಿರುಕು ಬಿಡುತ್ತ ರಸ್ತೆಯವರೆಗೂ ಚಾಚಿತ್ತು. ಆ ರಸ್ತೆಯ ಮೇಲೆ ಹುಬ್ಬಳ್ಳಿಯ ಬಸ್ಸು ಎಬ್ಬಿಸುವ ಧೂಳು ಕಾಣುತ್ತದೆಯೇ ಎಂದು ಅವಳು ಬೆಳಗಿನಿಂದ ಎಷ್ಟು ಸಲ ನೋಡಿದ್ದಳೋ. ಆ ಬಸ್ಸಿನಲ್ಲಿ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರು ಬರುವವರಿದ್ದರು. ಬಂದು ಅವಳನ್ನು ಕೇಳುವವರಿದ್ದರು. ಕೇಳಿದಾಗ ಏನು ಹೇಳಬೇಕೆಂಬುದು ಅವಳಿಗೆ ಗೊತ್ತಿತ್ತು; ಹೇಳಿದ ಮೇಲೆ ಜೊತೆಗೆ ಕೆಲಸ ಮಾಡುವ ಮಲಿಕಾಬಿಯ ಮುಖವನ್ನು ಹೇಗೆ ನೋಡಬೇಕೆಂಬುದು ಗೊತ್ತಿರಲಿಲ್ಲ.

ಯರಗುಪ್ಪಿಯಿಂದ ಒಂದು ಹರದಾರಿ ದೂರದಲ್ಲಿ, ಹತ್ತಿ ವ್ಯಾಪಾರದ ಮನೆತನವೊಂದು ತಾಯಿಯ ನೆನಪಿಗೆ ಕಟ್ಟಿಸಿದ ಇಪ್ಪತ್ತು ಮಂಚದ ಧರ್ಮಾರ್ಥ ಆಸ್ಪತ್ರೆ ಅದು. ಆಯಾಗಳು ನಾಲ್ಕು ಜನ, ವಾರ್ಡ್‌ಬಾಯ್‌ಗಳು ಇಬ್ಬರು. ಗಂಡಸರ ವಾರ್ಡಿನಲ್ಲಿ ಅವರು, ಹೆಂಗಸರ ವಾರ್ಡಿನಲ್ಲಿ ಇವರು. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಹೇಲು ಉಚ್ಚೆ ಬಳಿಯುವುದು, ಸ್ಟ್ರೆಚರಿಗೆ ಎತ್ತಿ ಹಾಕುವುದು ಎರಡೂ ಕಡೆ ಒಂದೇ. ಅವರಿಗೆ ಬರುವುದು ಪಗಾರ. ಇವರಿಗೆ ಬರುವುದು ಗೌರವಧನ, ಆ ಪಗಾರದ ಅರ್ಧಕ್ಕೂ ಕಡಿಮೆ. ಹೆಂಗಸರು ಮಾಡುವುದು ಸೇವೆ, ಸೇವೆಗೆ ಪಗಾರ ಅಂದುಬಿಟ್ಟರೆ ಅದರ ಪುಣ್ಯ ಹೋಗುತ್ತದೆ ಎಂದು ಕಮಿಟಿಯ ಸೆಕ್ರೆಟರಿ ಕುಬೇರಪ್ಪನವರು ಹೇಳುತ್ತಿದ್ದರು. ಹಾಗೆ ಹೇಳುವಾಗ ಅವರ ದನಿಯಲ್ಲಿ ನಿಜವಾದ ಭಕ್ತಿಯೇ ಇರುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಎಲ್ಲರಿಗಿಂತ ಕಿರಿಯಳಾದ ಆಯಾ ಮಲಿಕಾಬಿ ಹುಬ್ಬಳ್ಳಿಗೆ ಹೋಗಿ ಬಂದಳು. ಅಲ್ಲಿ ಅವಳ ಸೋದರಮಾವ ಅಬ್ದುಲ್‌ಸಾಬ, ಗಿರಣಿಯಲ್ಲಿ ದುಡಿದು ಯೂನಿಯನ್ನಿನಲ್ಲಿ ಓಡಾಡಿದವನು, ಒಂದೇ ಥರದ ಕೆಲಸಕ್ಕೆ ಗಂಡಸಿಗೊಂದು ಹೆಂಗಸಿಗೊಂದು ಪಗಾರ ಕೊಡಬಾರದೆಂದು ಕಾಯ್ದೆಯಾಗಿ ಎಂಟು ವರ್ಷವಾಯಿತು, ನಿಮ್ಮೂರಿಗೆ ಬರಲು ಅದಕ್ಕಿನ್ನೂ ಬಸ್ಸು ಸಿಕ್ಕಿಲ್ಲವೇನು ಎಂದು ಕೇಳಿದನಂತೆ. ಅರ್ಜಿಯನ್ನೂ ಅವನೇ ಬರೆದುಕೊಟ್ಟ. ನಾಲ್ವರೂ ಸಹಿ ಮಾಡಿದರು. ಸಾವಂತ್ರೆವ್ವನೂ ಮಾಡಿದಳು, ಮೂರನೆಯವಳಾಗಿ, ಮೊದಲಿನವಳೂ ಅಲ್ಲದ ಕೊನೆಯವಳೂ ಅಲ್ಲದ ಜಾಗ ಹುಡುಕಿ.

ಮೊನ್ನೆ ಕುಬೇರಪ್ಪನವರು ಅವಳನ್ನೊಬ್ಬಳನ್ನೇ ಆಫೀಸಿಗೆ ಕರೆಸಿದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದುರಿಗೆ ಕುರ್ಚಿ ಇತ್ತು, ಕೂಡು ಅನ್ನಲಿಲ್ಲ, ಅದೇನೂ ಹೊಸದಲ್ಲ. ಸಮ ಮಾಡುವುದಾದರೆ ತಮಗೆ ತಕರಾರಿಲ್ಲ ಎಂದರು, ತಿರಕಪ್ಪನ ಪಗಾರವನ್ನು ನಿಮ್ಮಷ್ಟಕ್ಕೆ ಇಳಿಸಿದರಾಯಿತು. ತಿರಕಪ್ಪ ಅವಳ ತಮ್ಮ, ಇಬ್ಬರು ವಾರ್ಡ್‌ಬಾಯ್‌ಗಳಲ್ಲಿ ಒಬ್ಬ. ಅವನ ಹೆಂಡತಿಗೆ ಈಗ ಏಳು ತಿಂಗಳು. ಕುಬೇರಪ್ಪನವರು ಚಾಳೀಸಿನ ಗಾಜು ಒರೆಸುತ್ತ ಸಾವಕಾಶವಾಗಿ ಇನ್ನೊಂದು ಮಾತು ಸೇರಿಸಿದರು. "ನಾಕ ವರ್ಷದ ಹಿಂದ ನೀನ ಏನ ಹೇಳಿದ್ದಿ ಅನ್ನೂದು ನನಗ ನೆನಪೈತಿ, ಸಾವಂತ್ರಿ. ನಿನಗೂ ಇರಬೇಕು." ಇತ್ತು. ಇದೇ ಬಾಗಿಲಲ್ಲಿ ನಿಂತು ಅವಳು ತಮ್ಮನಿಗೊಂದು ನೌಕರಿ ಬೇಡಿದ್ದಳು. ತಾಯಿ ಸತ್ತಾಗ ಮೂರು ವರ್ಷದವನು, ಗಂಡನ ಮನೆ ಬಿಟ್ಟು ಬಂದ ಅಕ್ಕನ ಸೊಂಟದ ಮೇಲೆಯೇ ಬೆಳೆದವನು, ಮೀಸೆ ಬಂದ ಮೇಲೂ ಜ್ವರ ಬಂದರೆ ಅವಳ ಸೆರಗನ್ನು ಮುಖದ ಮೇಲೆ ಹಾಕಿಕೊಂಡು ಮಲಗುತ್ತಿದ್ದವನು. ಹೆಣ್ಣಿನ ಕಡೆಯವರು ಹುಡುಗನ ಪಗಾರ ಎಷ್ಟೆಂದು ಕೇಳಿ ಕಳಿಸಿದ್ದರು. ಅವಂಗ ಜಾಸ್ತಿ ಕೊಡ್ರಿ ಯಪ್ಪಾ, ನಮದೇನು, ಹೆಣ್ಣಮಕ್ಕಳ ಕೆಲಸ ಏನ ಕೆಲಸ, ಮನ್ಯಾಗ ಮಾಡೂದನ್ನ ಇಲ್ಲಿ ಮಾಡ್ತೀವಿ. ಹಾಗೆಂದಿದ್ದಳು. ಅನ್ನುವಾಗ ಬಾಯಿ ಸಿಹಿಯಾಗಿತ್ತು, ತನ್ನ ಪಾಲಿನದನ್ನು ಮಕ್ಕಳ ತಾಟಿಗೆ ಹಾಕುವವರ ಬಾಯಿಗೆ ಬರುವ ಸಿಹಿ. ತಾನು ಆ ಹೊತ್ತು ಉಳಿದ ಮೂವರ ತಾಟಿನಿಂದಲೂ ತೆಗೆದು ಹಾಕಿದೆ ಎಂದು ಅವಳಿಗೆ ಹೊಳೆದದ್ದು ಮೊನ್ನೆ, ಚಾಳೀಸು ಒರೆಸುತ್ತಿದ್ದ ಆ ದುಂಡನೆಯ ಬೆರಳುಗಳನ್ನು ನೋಡುತ್ತಿದ್ದಾಗ.

ಧೂಳು ಎದ್ದಿತು. ಬಸ್ಸಿನಿಂದ ಇಳಿದವನನ್ನು ಕಂಡು ಅವಳಿಗೆ ಮೋಸಹೋದಂತಾಯಿತು. ಪೊಲೀಸನಂಥ ಒಬ್ಬನನ್ನು ಅವಳು ಎರಡು ದಿನದಿಂದ ಮನಸ್ಸಿನೊಳಗೆ ಎದುರಿಸುತ್ತ ಬಂದಿದ್ದಳು. ಇವರು ಐವತ್ತು ದಾಟಿದ ಸಣಕಲು ಮನುಷ್ಯ, ಬಗಲಲ್ಲಿ ಚರ್ಮದ ಚೀಲ, ರೆಪ್ಪೆಗಳ ಮೇಲೆಲ್ಲ ಎರೆಮಣ್ಣಿನ ಪುಡಿ. ಕುಬೇರಪ್ಪನವರು ಆಫೀಸಿನಲ್ಲಿ ಗಿರಮಿಟ್ಟು ಮಿರ್ಚಿ ಮಾಡಿಸಿಟ್ಟಿದ್ದರು. ಇನ್‌ಸ್ಪೆಕ್ಟರ್ ಸಾಹೇಬರು ನಿಂತುಕೊಂಡೇ ಎರಡು ತಂಬಿಗೆ ನೀರು ಕುಡಿದು, ಅರ್ಧ ಕಪ್ಪು ಚಹಾ ಕುಡಿದು, ಕೆಲಸ ನಡೆಯುವ ಜಾಗದಲ್ಲೇ ಕೇಳುತ್ತೇನೆಂದು ಹೆಂಗಸರ ವಾರ್ಡಿಗೆ ಬಂದುಬಿಟ್ಟರು. ಡಾಕ್ಟರು ಬಂದಾಗ ಆಗುವಂತೆ ಎಲ್ಲರೂ ಗೋಡೆಗೆ ಸರಿದು ನಿಂತರು, ತಿರಕಪ್ಪ ಬಾಗಿಲ ಹತ್ತಿರ, ಮಲಿಕಾಬಿ ಕಿಟಕಿಯ ಹತ್ತಿರ. ಮೊದಲು ತಿರಕಪ್ಪನನ್ನು ಕೇಳಿದರು. ಅವನು ಕೈಕಟ್ಟಿ ನಿಂತು, ಪೇಶಂಟರನ್ನು ನೋಡಿಕೊಳ್ಳುತ್ತೇನೆ ಎಂದ. ಸಾಹೇಬರು ಬರೆದುಕೊಂಡರು. ಆಮೇಲೆ, ನೀವು ಏನೇನು ಕೆಲಸ ಮಾಡುತ್ತೀರಿ ಹೇಳಿರಿ ಎಂದರು. ಆ "ನೀವು" ಯಾರೆಂದು ನೋಡಲು ಸಾವಂತ್ರೆವ್ವ ಹಿಂದಕ್ಕೆ ತಿರುಗಿದಳು. ಹಿಂದೆ ಗೋಡೆ ಇತ್ತು.

ಈ ವಾರ್ಡಿನಲ್ಲಿ ಹದಿನಾಲ್ಕು ವರ್ಷ. ಎರಡೆರಡು ತಾಸಿಗೊಮ್ಮೆ ಮಹಾದೇವಕ್ಕನ ಮಗ್ಗುಲು ಬದಲಿಸುವಾಗ, ಮುರಿದ ಕಾಲನ್ನು ತನ್ನ ಮೊಣಕಾಲಿನ ಮೇಲೆ ತೆಗೆದುಕೊಂಡು, ಒಂದು ಕೈಯಿಂದ ಬೆನ್ನು ಒರೆಸುತ್ತ, ಇನ್ನೊಂದರಿಂದ ಅವಳ ನಾಚಿಕೆಗೆ ಸೀರೆ ಎಳೆಯುತ್ತ, ಬಾಯಲ್ಲಿ ಮಾತ್ರ ಈ ಸಲದ ಕುಸುಬಿಯ ಬೆಳೆಯ ಸುದ್ದಿ ಆಡುತ್ತಿರುತ್ತಾಳಲ್ಲ, ಅದಕ್ಕೆ ಏನೆನ್ನುತ್ತಾರೆ? ಕಲಘಟಗಿಯ ಕಡೆಯಿಂದ ತವರಿಗೆ ಬಂದ ಚೊಚ್ಚಲ ಬಸುರಿ ನೋವಿನಲ್ಲಿ ಇವಳ ಮುಂಗೈ ಕಚ್ಚಿ ಹಿಡಿದಾಗ ಕೈ ಎಳೆದುಕೊಳ್ಳದೆ ಇದ್ದದ್ದು, ಅದು ಕೆಲಸವೋ ಅಲ್ಲವೋ? ಸತ್ತವರ ಮೈ ತೊಳೆಯುವಾಗಲೂ ನೀರು ಬೆಚ್ಚಗಿದೆಯೇ ಎಂದು ಬೆರಳದ್ದಿ ನೋಡುವುದು? ಎಲ್ಲವೂ ಒಟ್ಟಿಗೆ ಗಂಟಲಿಗೆ ಬಂದು, ಇಕ್ಕಟ್ಟಾದ ಬಾಗಿಲಲ್ಲಿ ಸಿಕ್ಕಿಕೊಂಡ ಜನದಂತೆ ಒಂದೂ ಹೊರಗೆ ಬರಲಿಲ್ಲ. "ಏನಿಲ್ರಿ," ಎಂದಳು. "ಕಸಾ ಹೊಡಿತೀನ್ರಿ. ಒರಸ್ತೀನ್ರಿ." ಬೇಕೆಂದೇ ಹೇಳಲು ಎರಡು ದಿನ ಗಟ್ಟಿ ಮಾಡಿಕೊಂಡಿದ್ದ ಸುಳ್ಳು, ಬೇಡದೆಯೂ ತಾನಾಗಿ ಬಂದಿತ್ತು.

ನೋಡ್ರಿ ಸಾಹೇಬ್ರ, ಆಕಿನ ಹೇಳಿದ್ಲು, ಎಂದು ಕುಬೇರಪ್ಪನವರು ಮುಂದೆ ಬಂದರು. ಆಮೇಲೆ ನಾಲ್ಕು ವರ್ಷದ ಹಿಂದಿನ ಮಾತನ್ನೂ ಹೇಳಿದರು. ಒಂದಕ್ಷರ ಹೆಚ್ಚಿಸಲಿಲ್ಲ, ಒಂದಕ್ಷರ ಕಡಿಮೆ ಮಾಡಲಿಲ್ಲ. ಹೆಣ್ಣಮಕ್ಕಳ ಕೆಲಸ ಏನ ಕೆಲಸ ಎಂಬಲ್ಲಿ ಅವಳ ದನಿಯ ಮೆತ್ತನೆಯ ಎಳೆತವನ್ನೂ ಹಾಗೆಯೇ ತಂದರು. ಸಾವಂತ್ರೆವ್ವ ನೆಲ ನೋಡಿದಳು. ನೆಲದ ಕಲ್ಲುಗಳ ನಡುವಿನ ಗೆರೆಗಳೆಲ್ಲ ಒಂದೇ ಕಡೆ ಓಡಿಹೋಗುತ್ತಿರುವಂತೆ ಕಂಡವು. ಕೊನೆಗೂ ತಲೆ ಎತ್ತಿ ಮಲಿಕಾಬಿಯ ಕಡೆ ನೋಡಿದಳು. ಅಲ್ಲಿ ಸಿಟ್ಟಿರಲಿಲ್ಲ. ಹಾಸಿಗೆ ಒದ್ದೆ ಮಾಡಿಕೊಂಡ ರೋಗಿಯನ್ನು ನೋಡುವಂತೆ ಮಲಿಕಾಬಿ ಅವಳನ್ನು ನೋಡುತ್ತಿದ್ದಳು: ಆದದ್ದಾಯಿತು, ಈಗ ಇದನ್ನು ಒರೆಸಬೇಕಲ್ಲ ಎಂಬಂತೆ. ಆ ನೋಟ ಸಾವಂತ್ರೆವ್ವನೇ ಅವಳಿಗೆ ಕಲಿಸಿದ್ದು. ಹೊಸತಾಗಿ ಕೆಲಸಕ್ಕೆ ಬಂದಾಗ ಮಲಿಕಾಬಿ ಮುಖ ಸಿಂಡರಿಸುತ್ತಿದ್ದಳು, ಹಾಗ ಮಾಡಬ್ಯಾಡ ಬೇ, ಮಲಗಿದವರಿಗೆ ನಮ್ಮ ಮಾರಿ ಬಿಟ್ಟರ ಬ್ಯಾರೆ ಕನ್ನಡಿ ಇರೂದಿಲ್ಲ ಎಂದಿದ್ದಳು ಇವಳು. ಎದೆಯೊಳಗೆ ಏನೋ ಸಡಿಲವಾಗಿ, "ನಮ್ಮ ಹುಡಗನ ಪಗಾರ ಇಳಸ್ತೀವಿ ಅಂದಾರ್ರಿ," ಎಂದುಬಿಟ್ಟಳು. "ಅದಕ ಹಂಗಂದೆ. ಅವನ ಹೇಣ್ತಿ ಬಸರದಾಳ್ರಿ."

ಸಾಹೇಬರು ಪೆನ್ನಿನ ಟೊಪ್ಪಿಗೆ ಹಾಕಿ, ಮತ್ತೆ ತೆಗೆದು, ಕುಬೇರಪ್ಪನವರನ್ನು ನೋಡದೆ ಅವಳನ್ನೇ ನೋಡುತ್ತ ಹೇಳಿದರು. "ಅದು ಕಾಯ್ದೇದಾಗ ಇಲ್ಲವ್ವ. ಸಮ ಮಾಡೂದಂದ್ರ ಕೆಳಗಿನವರನ್ನ ಮ್ಯಾಲ ತರೂದು. ಮ್ಯಾಲ ಇದ್ದವರನ್ನ ಕೆಳಗ ಇಳಸಾಕ ಯಾರಿಗೂ ಬರೂದಿಲ್ಲ." ದಿನಕ್ಕೆ ನಾಲ್ಕು ಕಡೆ ಹೇಳಿ ಹೇಳಿ ಸವೆದ ಮಾತಿನಂತೆ, ಏನೂ ವಿಶೇಷವಿಲ್ಲದೆ ಹೇಳಿದರು. ಆದರೆ ಸಾವಂತ್ರೆವ್ವನಿಗೆ, ಬಾವಿಯಿಂದ ತುಂಬಿದ ಕೊಡ ಸೇದುತ್ತಿದ್ದಾಗ ಹಗ್ಗಕ್ಕೆ ಇನ್ನೊಬ್ಬರು ಯಾರೋ ಬಂದು ಕೈ ಹಾಕಿದಂತಾಯಿತು. ಭಾರ ಹೋಗಿರಲಿಲ್ಲ, ಕೈಗೆ ಮಾತ್ರ ಹಗುರ. ಬಾಗಿಲ ಹತ್ತಿರ ತಿರಕಪ್ಪ ಕಟ್ಟಿದ ಕೈ ಬಿಟ್ಟಿದ್ದ. ಅಕ್ಕ ತನ್ನ ಸಲುವಾಗಿ ಏನನ್ನು ಹೊತ್ತು ತಿರುಗುತ್ತಿದ್ದಳೆಂದು ಅವನಿಗೆ ತಿಳಿದದ್ದು ಈಗಲೇ.

ಕುಬೇರಪ್ಪನವರು ಸೋಲುವ ಪೈಕಿ ಅಲ್ಲ. ಕೆಲಸ ಒಂದೇ ಅಲ್ಲವಲ್ಲ ಸಾಹೇಬರೆ ಎಂದರು. ಒರೆಸುವುದು ಬಳಿಯುವುದು ಯಾರಾದರೂ ಮಾಡುತ್ತಾರೆ. ಭಾರದ ಪೇಶಂಟನ್ನು ಮಂಚದಿಂದ ಎತ್ತುವುದು ಗಂಡಸರ ತಾಕತ್ತಿನ ಕೆಲಸ, ಹೆಚ್ಚಿನ ಪಗಾರ ಅದಕ್ಕೆ. ಮಲಿಕಾಬಿ ಮೊದಲ ಸಲ ಬಾಯಿ ತೆರೆದಳು. ಬೇಕಾದರೆ ಈಗಲೇ ಎತ್ತಿ ತೋರಿಸುತ್ತೇವೆ ಎಂದಳು, ಮೆಲ್ಲಗೆ. ಬ್ಯಾನಿ ಇದ್ದವರನ್ನು ತೋರಿಕೆಗಾಗಿ ಎತ್ತಬಾರದೆಂದು ಸಾಹೇಬರು ತಲೆ ಅಲ್ಲಾಡಿಸಿದರು. ಅದು ಕುಬೇರಪ್ಪನವರಿಗೆ ಗೆದ್ದಷ್ಟೇ ಖುಷಿ ಕೊಟ್ಟಿರಬೇಕು, ಗಟ್ಟಿಯಾಗಿ ನಕ್ಕು, ಹಂಗಾರ ನನ್ನನ್ನ ಎತ್ತಲಿ ಎಂದು ಟೊಪ್ಪಿಗೆ ತೆಗೆದು ಕಿಟಕಿಯಲ್ಲಿಟ್ಟು, ಕೋಟು ಬಿಚ್ಚಿ, ಖಾಲಿ ಇದ್ದ ಮಂಚದ ಮೇಲೆ ಧೋತರ ಸರಿಮಾಡಿಕೊಂಡು ಮಲಗಿಯೇಬಿಟ್ಟರು. ಮಂಚ ನರಳಿತು. ಅಗದಿ ಎರಡು ಜೋಳದ ಚೀಲದ ಆಳು.

ಸಾವಂತ್ರೆವ್ವ ಗಾಲಿಯ ಸ್ಟ್ರೆಚರನ್ನು ಮಂಚದ ಬಾಜೂಕ್ಕೆ ತಂದು ತಲೆಯ ಕಡೆ ಹೋಗಿ ನಿಂತಳು, ಮಲಿಕಾಬಿ ಕಾಲ ಕಡೆ. ಬಗ್ಗಿ ನೋಡಿದಾಗ, ನಿಂತಾಗ ಕುಬೇರಪ್ಪನವರಾಗಿದ್ದ ಮನುಷ್ಯ ಅಲ್ಲಿರಲಿಲ್ಲ. ಮಲಗಿದವರೆಲ್ಲರ ಮುಖ ಒಂದೇ ಥರ ಆಗುತ್ತದೆ; ಗಲ್ಲ ಕಿವಿಯ ಕಡೆ ಜಾರುತ್ತದೆ, ಗದ್ದದ ಕೆಳಗೆ ಬೇರೆ ಯಾರಿಗೂ ಕಾಣದ ಒಂದು ಮಚ್ಚೆ ಕಾಣುತ್ತದೆ, ಕಣ್ಣು ಮೇಲಿನವರ ಕೈಯನ್ನೇ ನೋಡುತ್ತವೆ. ನಗು ಇನ್ನೂ ತುಟಿಯ ಮೇಲಿತ್ತು, ಹಣೆಯ ಮೇಲೆ ಬೆವರು ಬಂದಿತ್ತು. ಅದನ್ನು ಕಂಡದ್ದೇ ಅವಳ ಕೈಗಳಿಗೆ ತಮ್ಮ ಕೆಲಸ ನೆನಪಾಯಿತು. "ಕೈ ಎದಿ ಮ್ಯಾಲ ಇಟ್ಕೋರಿ," ಎಂದಳು. ಅವರು ಇಟ್ಟುಕೊಂಡರು. "ಮೈ ಬಿಗಿ ಹಿಡೀಬ್ಯಾಡ್ರಿ. ಉಸರ ಬಿಡ್ರಿ ಸಾವಕಾಶ." ಬಿಟ್ಟರು. ಅವಳು ತೋಳನ್ನು ಅವರ ಬೆನ್ನ ಕೆಳಗೆ ಹಾಯಿಸಿ, ಮೊಣಕಾಲು ಮಡಚಿ, ಭಾರವನ್ನು ಸೊಂಟಕ್ಕೆ ಬಿಡದೆ ತೊಡೆಗೆ ತೆಗೆದುಕೊಂಡು, ಮಲಿಕಾಬಿಯ ಕಣ್ಣು ನೋಡಿ ಹೂಂ ಎಂದಳು. ಮಂಚ ಕೆಳಗೆ ಉಳಿಯಿತು. ಗಾಳಿಯಲ್ಲಿ ಒಂದು ಗಳಿಗೆ ಕುಬೇರಪ್ಪನವರ ಕೈ ಎದೆಯಿಂದ ಹಾರಿ ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿಯಿತು. ಎಲ್ಲರೂ ಹಿಡಿಯುತ್ತಾರೆ. "ಹೆದರಬ್ಯಾಡ್ರಿ," ಎಂದಳು ಅವಳು, ಎಲ್ಲರಿಗೂ ಹೇಳುವಂತೆ, ಹೇಳುತ್ತಿದ್ದೇನೆಂಬ ಖಬರಿಲ್ಲದೆ. "ನಾನದೀನಿ. ಬಿಡೂದಿಲ್ಲ." ಹೇಳಿದ ಮೇಲೆ ಆ ಮಾತು ಅವಳ ಕಿವಿಗೆ ಬಿತ್ತು. ಇದೇ, ಇದೇ ನಾನು ಮಾಡುವ ಕೆಲಸ ಎಂದು ಅವಳಿಗೆ ಎಷ್ಟು ಸ್ಪಷ್ಟವಾಗಿ ತಿಳಿಯಿತೆಂದರೆ, ಎರಡು ಚೀಲದ ಭಾರ ಕೈಯಲ್ಲಿದ್ದಾಗಲೇ ಅವಳಿಗೆ ನಗು ಬಂತು. ಹೊಟ್ಟೆಯ ತಳದಿಂದ ಬಂತು. ನಕ್ಕರೆ ಕೈ ಸಡಿಲಾದೀತೆಂದು ತುಟಿ ಕಚ್ಚಿಕೊಂಡು, ಅವರನ್ನು ಸ್ಟ್ರೆಚರಿನ ಮೇಲೆ, ಹಾಲಿನ ಗಡಿಗೆ ಇಳಿಸುವಂತೆ ಸದ್ದಿಲ್ಲದೆ ಇಳಿಸಿದಳು.

ಮೊದಲು ನಕ್ಕವಳು ಮಹಾದೇವಕ್ಕ. ಎರಡು ತಿಂಗಳಲ್ಲಿ ಒಮ್ಮೆಯೂ ನಗದಿದ್ದ ಆ ಮುದುಕಿ, "ಅಂವಗೂ ಮಗ್ಗಲಾ ಬದಲಸರಿ ಬೇ, ಬೆನ್ನ ಹುಣ್ಣಾದೀತು," ಎಂದು ಮಂಚದ ಕಂಬಿ ಹಿಡಿದು ನಗತೊಡಗಿದಳು. ಬಾಣಂತಿಯೊಬ್ಬಳು ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು, ನಗಸಬ್ಯಾಡ್ರಿ ನೋಯ್ತೈತಿ ಎನ್ನುತ್ತ ನಕ್ಕಳು. ಸಾಹೇಬರು ಪುಸ್ತಕವನ್ನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ಏನನ್ನೋ ಬರೆದರು. ಆಮೇಲೆ ತಿರಕಪ್ಪನನ್ನು ಕರೆದು, ನೀನು ಪೇಶಂಟರನ್ನು ಎತ್ತುವುದನ್ನು ಎಲ್ಲಿ ಕಲಿತೆ ಎಂದು ಕೇಳಿದರು. ತಿರಕಪ್ಪ ಕುಬೇರಪ್ಪನವರ ಕಡೆ ನೋಡಲಿಲ್ಲ. "ಅಕ್ಕನ ಕಲಿಸಿದ್ಲರಿ," ಎಂದ. "ಮೊದಲನೇ ವಾರ ನಾನು ಒಬ್ಬ ಮುದುಕನ್ನ ಕೆಡವಾಕತ್ತಿದ್ದೆ. ಇಕಿ ಓಡಿ ಬಂದು ತನ್ನ ಮೈ ಅಡ್ಡಾ ಕೊಟ್ಟು ಹಿಡದ್ಲು. ಪಗಾರ ಆ ತಿಂಗಳೂ ನನಗ ಜಾಸ್ತಿ ಬಂದಿತ್ತು." ನಾಲ್ಕು ವರ್ಷ ಅಕ್ಕ ತಮ್ಮ ಇಬ್ಬರೇ ಮುಚ್ಚಿಟ್ಟುಕೊಂಡಿದ್ದ ಮಾತು. ಹೇಳಿದರೆ ನೌಕರಿ ಹೋಗಬಹುದಾದ ಮಾತು. ಅವನ ಕಿವಿ ಕೆಂಪಾಗಿದ್ದವು. ಅವಳಿಗೆ ಅವನನ್ನು ಮೂರು ವರ್ಷದವನಂತೆ ಎತ್ತಿ ಸೊಂಟದ ಮೇಲೆ ಕೂಡಿಸಿಕೊಳ್ಳಬೇಕೆನಿಸಿತು, ಅದೇ ಹೊತ್ತಿಗೆ, ಇನ್ನು ಮುಂದೆ ಇವನನ್ನು ಎತ್ತಬೇಕಾಗಿಲ್ಲ ಎಂದೂ ಅನಿಸಿತು. ಕುಬೇರಪ್ಪನವರು ಸ್ಟ್ರೆಚರಿನಿಂದ ತಾವಾಗಿ ಇಳಿಯಲು ನೋಡಿ, ಅದು ಗಾಲಿಯ ಮೇಲೆ ಜಾರಿ, ಮಲಿಕಾಬಿ ಹಿಡಿದುಕೊಂಡ ಮೇಲೆ ಇಳಿದರು. ಟೊಪ್ಪಿಗೆ ಹಾಕಿಕೊಂಡ ಮೇಲೂ ಆ ದಿನ ಪೂರ್ತಿ ಅವರು ಸ್ವಲ್ಪ ಮಲಗಿದವರಂತೆಯೇ ಕಂಡರು.

ಸಾಹೇಬರು ಮಧ್ಯಾಹ್ನದ ಬಸ್ಸಿಗೆ ಹೋದ ಮೇಲೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸಾವಂತ್ರೆವ್ವ ಮಲಿಕಾಬಿಗೆ ಏನೋ ಹೇಳಲು ಹೋದಳು. ತಪ್ಪಾಯಿತು ಎಂಬ ಶಬ್ದ ಹುಡುಕುತ್ತಿದ್ದಳು. ಮಲಿಕಾಬಿ ಚಾದರದ ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, ತಾನೊಂದು ತುದಿ ಹಿಡಿದು ಹಿಂಡತೊಡಗಿದಳು. ನನ್ನ ತಮ್ಮನಾಗಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆನೇನೋ ಅಕ್ಕಾ ಎಂದಳು. ಸ್ವಲ್ಪ ಬಿಟ್ಟು, ಆದರ ನನಗ ಮೊದಲ ಹೇಳಬೇಕಾಗಿತ್ತು ನೋಡು ಎಂದಳು. ಹೌದು, ಹೇಳಬೇಕಾಗಿತ್ತು. ಇಬ್ಬರೂ ತಿರುವಿದರು. ಚಾದರದಿಂದ ನೀರು ದಬದಬ ಇಳಿಯಿತು. ಆ ಎರಡೂ ಮಾತು ಅವಳ ಮನಸ್ಸಿನಲ್ಲಿ ಆಮೇಲೆ ಎಷ್ಟೋ ದಿನ ಜೊತೆಯಾಗಿಯೇ ಇದ್ದವು, ಒಂದು ಇನ್ನೊಂದನ್ನು ಅಳಿಸದೆ.

ಕಾರ್ಮಿಕ ಇಲಾಖೆಯ ಆರ್ಡರು ಬಂದದ್ದು ಶ್ರಾವಣದ ಎರಡನೆಯ ಸೋಮವಾರ. ಕಮಿಟಿಯವರು ಧಾರವಾಡದ ವಕೀಲರೊಬ್ಬರನ್ನು ಕೇಳಿದರಂತೆ, ತಕರಾರು ಹಾಕದೆ ಸುಮ್ಮನಿರುವುದೇ ಒಳ್ಳೆಯದೆಂದು ಅವರು ಹೇಳಿದರಂತೆ. ಆಯಾಗಳಿಗೆ ವಾರ್ಡ್‌ಬಾಯ್‌ಗಳಷ್ಟೇ ಪಗಾರ, ಅರ್ಜಿ ಕೊಟ್ಟ ತಿಂಗಳಿನಿಂದ ಹಿಡಿದು. ತಿರಕಪ್ಪನ ಪಗಾರ ಇದ್ದಲ್ಲೇ ಇತ್ತು. ಅವನ ಕೂಸಿಗೆ ಆಗ ಎರಡು ತಿಂಗಳು, ಸೋದರತ್ತೆಯ ಮೂಗನ್ನು ಹಿಡಿದರೆ ಬಿಡುತ್ತಿರಲಿಲ್ಲ. ಕುಬೇರಪ್ಪನವರು ಆರ್ಡರನ್ನು ತಾವೇ ಓದಿ ಹೇಳಿದರು. ಗೌರವಧನ ಎನ್ನಲು ಹೋಗಿ ನಾಲಗೆ ತಡೆದು ಪಗಾರ ಎಂದರು. ಹೊರಗೆ ಸಣ್ಣ ಮಳೆ ಹನಿಯುತ್ತಿತ್ತು, ಎರೆಹೊಲ ಕಪ್ಪಗೆ ಮಿಂಚುತ್ತಿತ್ತು. ನಾಲ್ವರು ಆಯಾಗಳೂ ಆಫೀಸಿನಿಂದ ಗಂಭೀರವಾಗಿ ಹೊರಗೆ ಬಂದು, ಪಡಸಾಲೆಯ ತಿರುವು ದಾಟಿದ್ದೇ ಒಬ್ಬರನ್ನೊಬ್ಬರು ಹಿಡಿದುಕೊಂಡು, ಸದ್ದು ಹೊರಬೀಳಬಾರದೆಂದು ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು.

ಅದಾದ ಮುಂದಿನ ರವಿವಾರ ಸಾವಂತ್ರೆವ್ವ, ಮಲಿಕಾಬಿ ಇಬ್ಬರೂ ಹುಬ್ಬಳ್ಳಿಗೆ ಹೋದರು. ಯಾರೂ ಸತ್ತಿರಲಿಲ್ಲ, ಯಾರಿಗೂ ಆಪರೇಶನ್ ಇರಲಿಲ್ಲ, ಸುಮ್ಮನೆ ಹೋದರು. ಅಬ್ದುಲ್‌ಸಾಬನನ್ನು ಕಂಡು, ಪ್ಯಾಟಿಯಲ್ಲಿ ತಿರುಗಿ ಕಾಲು ನೋಯಿಸಿಕೊಂಡು, ಬಸ್‌ಸ್ಟ್ಯಾಂಡಿನ ಎದುರಿಗೆ ಒಂದು ಹೋಟೆಲಿಗೆ ಹೊಕ್ಕರು. ಸಾವಂತ್ರೆವ್ವ ಹಿಂದೆಂದೂ ಹೋಟೆಲಿನ ಕುರ್ಚಿಯ ಮೇಲೆ ಕೂತು ತಿಂದವಳಲ್ಲ. ಬೆನ್ನು ಒರಗಿಸಬೇಕೋ ಬೇಡವೋ ತಿಳಿಯದೆ ಕೊನೆಗೆ ಪೂರ್ತಿ ಒರಗಿದಳು. ದೋಸೆ ಬಂತು, ತಾಟಿಗಿಂತ ಉದ್ದ. ಅರ್ಧ ತಿಂದಿದ್ದಾಗ, ಸೆರಗು ಸೊಂಟಕ್ಕೆ ಸಿಕ್ಕಿಸಿದ ನಡುವಯಸ್ಸಿನ ಹೆಂಗಸೊಬ್ಬಳು ಬಕೆಟ್ಟು ತಂದು ನೆಲ ಒರೆಸುತ್ತ ಅವರ ಮೇಜಿನ ಹತ್ತಿರ ಬಂದು, ಕಾಲ ಎತ್ರಿ ಅಕ್ಕಾರ ಎಂದಳು. ಇಬ್ಬರೂ ಕಾಲೆತ್ತಿದರು. ಅರಿವೆ ಕೆಳಗೆ ಹಾದುಹೋಯಿತು. ಸಾವಂತ್ರೆವ್ವ ಕಾಲು ಕೆಳಗಿಡಲಿಲ್ಲ. ಮೇಜುಗಳ ಮೇಲಿನ ತಾಟು ಎತ್ತಿ ಒರೆಸುತ್ತಿದ್ದ ಗಂಡಸನ್ನೊಮ್ಮೆ ನೋಡಿದಳು, ನೆಲದ ಮೇಲೆ ಕೂತವಳನ್ನೊಮ್ಮೆ ನೋಡಿದಳು.

"ಪಗಾರ ಎಷ್ಟ ಕೊಡ್ತಾರವ್ವ ನಿಮಗ?" ಎಂದು ಬಗ್ಗಿ ಕೇಳಿದಳು. "ಅವಗೆಷ್ಟ?"

ಹೆಂಗಸು ಗಲ್ಲೆಯ ಮೇಲೆ ಕೂತ ಮಾಲಕನ ಕಡೆ ಒಮ್ಮೆ ಕಣ್ಣು ಹಾಯಿಸಿ, ಅರಿವೆಯನ್ನು ಬಕೆಟ್ಟಿನ ಅಂಚಿಗೆ ಹಾಕಿ, ಯಾಕ್ರಿ ಎಂದಳು. ಮಲಿಕಾಬಿ ಬಾಯೊಳಗಿನ ತುತ್ತು ನುಂಗಿ, ಬಾಜೂದಲ್ಲಿದ್ದ ಖಾಲಿ ಕುರ್ಚಿಯನ್ನು ಕಾಲಿನಿಂದ ಸರಿಸಿ ಅವಳಿಗೆ ಜಾಗ ಮಾಡಿದಳು.